ಅಟ್ಟದ ಗೋಡೆಯ ಎರಡು ಇಸ್ಪೀಟು

ಇದು ಹೀಗೆಯೇ ನಡೆಯಿತು ಎಂದು ಪ್ರಮಾಣ ಮಾಡಿ ಹೇಳಲಾರೆ. ನನ್ನ ತಲೆಯಲ್ಲಿ ಎರಡು ಚಿತ್ರಗಳಿವೆ. ಒಂದರಲ್ಲಿ ಹಳ್ಳಿಮನೆಯೊಂದರ ತೆಂಗಿನಕಾಯಿ ತುಂಬುವ ಅಟ್ಟ ಖಾಲಿಯಾಗಿದೆ. ಹಲಗೆಯ ಮೇಲೆ ನಾವಿಬ್ಬರು ಕೂತಿದ್ದೇವೆ. ಬ್ರಿಜ್ ಆಟದಲ್ಲಿ ನನ್ನ ಜೊತೆಗಾರರಾಗಿದ್ದವರು ಇದ್ದಿಲ ಚೂರು ಹಿಡಿದು ಸುಣ್ಣದ ಗೋಡೆಯ ಮೇಲೆ ಏನೋ ಬರೆಯುತ್ತಿದ್ದಾರೆ. ಇನ್ನೊಂದರಲ್ಲಿ ಸಂಕ್ರಾಂತಿಯ ಮಧ್ಯಾಹ್ನ, ತಿಪಟೂರಿನ ಕ್ಲಬ್ಬು, ಹಸಿರು ಬಟ್ಟೆ ಹಾಸಿದ ಮೇಜು. ಅದೇ ಮನುಷ್ಯ ಎಲೆಗಳನ್ನು ಒಟ್ಟುಮಾಡಿ ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದಾರೆ. ಎರಡೂ ನಡೆದವು, ಅದರಲ್ಲಿ ನನಗೆ ಅನುಮಾನವಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ನೆನಪಿಲ್ಲ.

ಅಟ್ಟ ಮೊದಲಾಗಿದ್ದರೆ ಅವರು ಸತ್ಯ ಹೇಳಿದವರು, ನಾನು ಅವರ ಮಾನ ಕಳೆದವನು. ಅಟ್ಟ ಆಮೇಲಾಗಿದ್ದರೆ ಅವರು ಆಟದಲ್ಲಿ ಮೋಸ ಮಾಡಿ, ನಂತರ ಅದಕ್ಕೊಂದು ವಿವರಣೆ ಹೊಂದಿಸಿ ನನ್ನನ್ನು ಒಪ್ಪಿಸಲು ನೋಡಿದವರು. ನಾಲ್ಕು ವರ್ಷ ನಾನು ಎರಡನೆಯದನ್ನೇ ನಂಬಿದ್ದೆ. ನಂಬಿದ್ದೆ ಎನ್ನುವುದಕ್ಕಿಂತ ನಂಬಲು ಹೆಣಗುತ್ತಿದ್ದೆ ಎನ್ನುವುದು ಸರಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ತಿಪಟೂರಿನ ಕಾಲೇಜೊಂದಕ್ಕೆ ಅಧ್ಯಾಪಕನಾಗಿ ಬಂದಿದ್ದೆ. ಅಳೆಯದೆ ಯಾವುದನ್ನೂ ಒಪ್ಪಬಾರದು ಎನ್ನುವುದು ನಮ್ಮ ಪ್ರೊಫೆಸರರ ಪಾಠ. ಅವರಿಂದ ನಾನು ಆ ಹಟವನ್ನೂ ಕಲಿತಿದ್ದೆ, ಇಂಗ್ಲಿಷ್ ಅಂಕಿಯ ಏಳನ್ನು ಬರೆದು ಅದರ ನಡುವಿಗೊಂದು ಅಡ್ಡಗೆರೆ ಎಳೆಯುವ ಚಾಳಿಯನ್ನೂ ಕಲಿತಿದ್ದೆ. ಒಂದಕ್ಕೂ ಏಳಕ್ಕೂ ಗೊಂದಲ ಆಗಬಾರದು ಎಂದು ಅವರು ಹಾಗೆ ಬರೆಯುತ್ತಿದ್ದರು. ಹಾಸ್ಟೆಲಿನಲ್ಲಿ ಕಲಿತ ಇನ್ನೊಂದು ವಿದ್ಯೆ ಬ್ರಿಜ್.

ಬಾಡಿಗೆಗೆ ಹಿಡಿದದ್ದು ಮಂಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ. ಮೇಲೆ ಮನೆಯವರ ಕಾಯಿ ಅಟ್ಟ. ನಮ್ಮ ಕಡೆ ತೆಂಗಿನಕಾಯನ್ನು ಕೆಡವಿದ ಕೂಡಲೇ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು, ಉಂಡೆಯಾಗಿ ಸಡಿಲವಾಗುತ್ತದೆ. ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಟಗಿಟ ಎನ್ನುತ್ತದೆ. ಆಗ ಇಳಿಸುತ್ತಾರೆ. ಅಷ್ಟು ಕಾಲ ಅಟ್ಟ ಸುಮ್ಮನಿರುತ್ತದೆ ಎಂದು ತಿಳಿಯಬೇಡಿ. ಬಿಸಿಲಿನ ಮಧ್ಯಾಹ್ನಗಳಲ್ಲಿ ರಾಶಿ ಒಣಗುತ್ತಾ ಕುಸಿಯುವಾಗ ಯಾವುದೋ ಒಂದು ಕಾಯಿ ಜಾರಿ ಹಲಗೆಗೆ ಬಡಿಯುತ್ತದೆ. ಟಕ್. ಸ್ವಲ್ಪ ಬಿಟ್ಟು ಇನ್ನೊಂದು. ಬಂದ ಹೊಸದರಲ್ಲಿ ನನಗೆ ಆ ಸದ್ದು ಇಷ್ಟವಾಗಿತ್ತು.

ನನ್ನ ಜೊತೆಗಾರರು ಬಿಳಿಗೆರೆಯ ಕಡೆಯ ತೋಟದವರು. ಐವತ್ತು ದಾಟಿದವರು. ಹರೆಯದಲ್ಲಿ ಕೆಲವು ವರ್ಷ ಸೈನ್ಯದಲ್ಲಿ ಗುಮಾಸ್ತರಾಗಿದ್ದು, ಅಲ್ಲಿ ಅಧಿಕಾರಿಗಳ ಮೇಜಿಗೆ ನಾಲ್ಕನೆಯವರು ಬೇಕಾದಾಗಲೆಲ್ಲ ಕೂತು ಬ್ರಿಜ್ ಕಲಿತವರು. ತಂದೆ ತೀರಿಕೊಂಡ ಮೇಲೆ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದರು. ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು. ಭಾನುವಾರ ಊಟ ಮುಗಿಸಿ ಸೈಕಲ್ಲಿನಲ್ಲಿ ಬರುವರು. ಬಿಳಿ ಅಂಗಿ, ಅದರಲ್ಲಿ ಸೌದೆ ಹೊಗೆಯ ವಾಸನೆ. ಅಂಕ ಬರೆಯುವ ಕೆಲಸ ನನ್ನದು. ನಾನು ಬರೆದ ಹಾಳೆಯನ್ನು ಮೊದಲ ಸಲ ನೋಡಿದಾಗಲೇ ಅವರು ನಕ್ಕಿದ್ದರು.

"ಏಳಕ್ಕೆ ಯಾಕ್ರೀ ಮೇಷ್ಟ್ರೇ ಉಡದಾರ ಕಟ್ಟೀರಾ? ಬಿದ್ದೋಯ್ತದಾ ಅದರ ಲಂಗೋಟಿ?"

ಬ್ರಿಜ್ ಗೊತ್ತಿಲ್ಲದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ನಾಲ್ಕು ಜನ ಆಡುವ ಆಟ, ಎದುರುಬದುರು ಕೂತವರು ಜೊತೆಗಾರರು. ಒಬ್ಬೊಬ್ಬರಿಗೆ ಹದಿಮೂರು ಎಲೆ; ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಅಂಕ ಎಂದು ಕೈಯ ಬಲ ಎಣಿಸುತ್ತಾರೆ. ಎಲೆ ಇಳಿಸುವ ಮುಂಚೆ ಕೂಗು ನಡೆಯುತ್ತದೆ. ಒಂದು ಇಸ್ಪೀಟು, ಎರಡು ಆಟೀನು, ಮೂರು ಕಳಾವರ ಎಂದು ಎಲೆಯ ಬಣ್ಣ ಹೆಸರಿಸಿ ಹರಾಜಿನ ಹಾಗೆ ಒಬ್ಬರ ಮೇಲೊಬ್ಬರು ಏರಿಸುತ್ತಾ ಹೋಗುವುದು. ಈ ಬಣ್ಣ ತುರುಫಾದರೆ ಕೂಗಿದ ಸಂಖ್ಯೆಗೆ ಆರು ಸೇರಿಸಿ ಅಷ್ಟು ಪಟ್ಟು, ಅಂದರೆ ನಾಲ್ಕೆಲೆಯ ಸುತ್ತು, ಗೆಲ್ಲುತ್ತೇನೆ ಎಂಬ ಮಾತು ಅದು. ಆದರೆ ಕೂಗಿಗೆ ಇನ್ನೊಂದು ಕೆಲಸವೂ ಇದೆ. ನಿಮ್ಮ ಕೈಯಲ್ಲಿ ಏನಿದೆ ಎಂದು ಜೊತೆಗಾರನಿಗೆ ತಿಳಿಸಲು ನಿಮಗಿರುವುದು ಆ ನಾಲ್ಕಾರು ಪದಗಳು ಮಾತ್ರ. ಹಾಗಾಗಿ ಜೋಡಿಗಳು ಕೆಲವು ಕೂಗಿಗೆ ಮೊದಲೇ ಬೇರೆ ಅರ್ಥ ಗೊತ್ತುಮಾಡಿಕೊಂಡಿರುತ್ತವೆ. ನಾಲ್ಕು ನೋಟ್ರಂಪ್ ಎಂದರೆ ತುರುಫಿಲ್ಲದೆ ಆಡುತ್ತೇನೆ ಎಂದಲ್ಲ, ನಿನ್ನಲ್ಲಿ ಎಕ್ಕ ಎಷ್ಟಿವೆ ಹೇಳು ಎಂದು. ಐದು ಕಳಾವರ ಎಂದರೆ ಒಂದೂ ಇಲ್ಲ. ಐದು ಡೈಮನ್ ಎಂದರೆ ಒಂದಿದೆ.

ಇದರಲ್ಲಿ ಮೋಸವಿಲ್ಲ, ಆದರೆ ಒಪ್ಪಂದ ಗುಟ್ಟಾಗಿರಬಾರದು. ಆ ಕೂಗಿನ ಅರ್ಥ ಏನು ಎಂದು ಎದುರಾಳಿ ಕೇಳಿದರೆ, ಕೂಗಿದವನ ಜೊತೆಗಾರ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಸುದ್ದಿ ದಾಟಬೇಕಾದದ್ದು ಪದಗಳಲ್ಲಿ ಮಾತ್ರ. ದನಿ ಏರಿಸಿಯೋ ಇಳಿಸಿಯೋ, ಕೆಮ್ಮಿಯೋ, ತಡೆದು ಕೂಗಿಯೋ ಜೊತೆಗಾರನಿಗೆ ತಿಳಿಸಿದರೆ ಅದು ಕಳ್ಳತನ. ಮೇಜಿನ ಮೇಲೆ ಅದಕ್ಕಿಂತ ದೊಡ್ಡ ತಪ್ಪಿಲ್ಲ.

ಯಜಮಾನ್ರಿಗೆ ಈ ದನಿಯ ವಿಷಯದಲ್ಲಿ ಒಂದು ಪದ್ಧತಿ ಇತ್ತು. ತೋಟದಲ್ಲಿ ಕಾಯಿ ಎಣಿಸುವವರನ್ನು ನೀವು ನೋಡಿರಬಹುದು. ಎರಡು ಕೈಯಲ್ಲೂ ಕಾಯಿ ಹಿಡಿದು ಎಸೆಯುತ್ತಾ, ಏರಿಳಿತವಿಲ್ಲದ ಒಂದೇ ದನಿಯಲ್ಲಿ ಎಣಿಕೆ ಹಾಡುತ್ತಾರೆ. ದನಿ ಬದಲಾದರೆ ಲೆಕ್ಕ ತಪ್ಪುತ್ತದೆ. ಯಜಮಾನ್ರು ಕೂಗುತ್ತಿದ್ದದ್ದು ಆ ದನಿಯಲ್ಲಿ. ಕೈಯಲ್ಲಿ ನಾಲ್ಕು ಎಕ್ಕ ಇರಲಿ, ಒಂದೂ ಇಲ್ಲದಿರಲಿ, ಅದೇ ದನಿ. ನನಗೂ ಅದನ್ನೇ ಕಲಿಸಿದರು.

"ನೀವು ಒಳ್ಳೆ ಎಲೆ ಬಂದ್ರೆ ಮದುವೆ ಊಟಕ್ಕೆ ಕರದಂಗೆ ಕೂಗ್ತೀರಿ. ಬ್ಯಾಡ. ಕಾಯಿ ಎಣಿಸೋ ದನೀಲಿ ಕೂಗಿ. ಒಡೀದೆ ಒಳಗೇನೈತೆ ಅಂತ ತಿಳ್ಕಳದು ಅವರ ಕೆಲಸ. ನಾವಾಗೇ ಬಿರುಕು ಬುಡಬಾರದು."

ಇಷ್ಟರವರೆಗೆ ನನ್ನ ನೆನಪು ಗಟ್ಟಿ. ಇನ್ನು ಮುಂದಿನದು ಸಂಕ್ರಾಂತಿಯ ಆಟ.

ಕ್ಲಬ್ಬಿನಲ್ಲಿ ವರ್ಷಕ್ಕೊಂದು ಪಂದ್ಯ ಇರುತ್ತಿತ್ತು. ಗೆದ್ದ ಜೋಡಿ ಹಾಸನಕ್ಕೆ ಹೋಗಿ ಕ್ಲಬ್ಬಿನ ಪರವಾಗಿ ಆಡಬೇಕು. ಕೊನೆಯ ಸುತ್ತಿಗೆ ಉಳಿದದ್ದು ನಾವಿಬ್ಬರು ಮತ್ತು ಊರಿನ ವಕೀಲರೊಬ್ಬರು, ಡಾಕ್ಟರೊಬ್ಬರು. ವಕೀಲರು ಕ್ಲಬ್ಬಿನ ಕಾರ್ಯದರ್ಶಿಯೂ ಹೌದು. ಮೇಜಿನ ಮೂಲೆಯಲ್ಲಿ ಎಳ್ಳುಬೆಲ್ಲದ ತಟ್ಟೆ. ನನ್ನ ಎಡಕ್ಕೆ ವಕೀಲರು, ಬಲಕ್ಕೆ ಡಾಕ್ಟರು, ಎದುರಿಗೆ ಯಜಮಾನ್ರು. ಸುತ್ತ ಎಂಟು ಹತ್ತು ಜನ ನಿಂತು ನೋಡುತ್ತಿದ್ದರು.

ವಕೀಲರು ಒಂದು ಇಸ್ಪೀಟು ಎಂದು ಶುರುಮಾಡಿದರು.

ಯಜಮಾನ್ರು, "ಎರಡು ಇಸ್ಪೀಟು" ಎಂದರು.

ಎದುರಾಳಿಯ ಬಣ್ಣವನ್ನೇ ತಾನು ಕೂಗುವುದು. ಯಾರೂ ಅದನ್ನು ನೇರ ಅರ್ಥದಲ್ಲಿ ಕೂಗುವುದಿಲ್ಲ. ನಾನು ಕಲಿತ ಕಾಲಕ್ಕೆ, ನಮ್ಮ ಕ್ಲಬ್ಬಿನ ರೂಢಿಯಲ್ಲಿಯೂ, ಅದಕ್ಕಿದ್ದ ಅರ್ಥ ಒಂದೇ: ನನ್ನ ಕೈ ಬಹಳ ಬಲವಾಗಿದೆ, ನೀನು ಏನಾದರೂ ಕೂಗು, ನಿಲ್ಲಿಸಬೇಡ. ಡಾಕ್ಟರು ತಮ್ಮ ಎಲೆಗಳನ್ನು ಎರಡು ಸಲ ನೋಡಿಕೊಂಡು ನನ್ನ ಕಡೆ ತಿರುಗಿದರು.

"ಏನ್ ಮೇಷ್ಟ್ರೇ, ನಿಮ್ಮೋರು ಏನಂತವ್ರೆ?"

"ಬಲವಾದ ಕೈ. ಮಾಮೂಲಿ ಅರ್ಥ" ಎಂದೆ.

ಡಾಕ್ಟರು ಹಿಂದೆ ಸರಿದು ಪಾಸ್ ಎಂದರು. ನನ್ನ ಕೈಯಲ್ಲಿ ಆಟೀನಿನ ರಾಜ ರಾಣಿ ಸೇರಿ ನಾಲ್ಕು ಆಟೀನು, ಡೈಮನ್ ಎಕ್ಕ, ಒಟ್ಟು ಹನ್ನೊಂದು ಅಂಕ. ಜೊತೆಗಾರ ನಿಜವಾಗಿ ಬಲವಾಗಿದ್ದರೆ ಹನ್ನೆರಡು ಪಟ್ಟಿನ ದೊಡ್ಡ ಆಟಕ್ಕೆ ಹೋಗಬೇಕಾದ ಕೈ ಅದು. ನಾನು "ನಾಲ್ಕು ಆಟೀನು" ಎಂದು ಅಲ್ಲಿಗೆ ನಿಂತುಬಿಟ್ಟೆ. ಮೂವರೂ ಪಾಸ್.

ನನ್ನ ಬಾಯಿ ಒಂದು ಹೇಳಿತು, ಕೈ ಇನ್ನೊಂದು ಮಾಡಿತು. ಯಾಕೆ ಎಂದು ಆವತ್ತಿನಿಂದ ಕೇಳಿಕೊಳ್ಳುತ್ತಾ ಇದ್ದೇನೆ.

ವಕೀಲರು ಮೊದಲ ಎಲೆ ಹಾಕಲು ಕೈ ಎತ್ತಿದಾಗ ಯಜಮಾನ್ರು ತಡೆದರು. ಜೊತೆಗಾರ ತಪ್ಪು ಅರ್ಥ ಹೇಳಿದ್ದರೆ, ಮೊದಲ ಎಲೆ ಬೀಳುವ ಮುಂಚೆ ತಿದ್ದುವುದು ನಿಯಮ. ಹಾಗೆ ತಿದ್ದಿದವರನ್ನು ಆ ಕ್ಲಬ್ಬಿನಲ್ಲಿ ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

"ಒಂದ್ನಿಮಿಷ ವಕೀಲರೇ. ಮೇಷ್ಟ್ರು ಹೇಳಿದ್ದು ತಪ್ಪು. ಬಲವಾದ ಕೈ ಅಲ್ಲ. ನಮ್ಮಿಬ್ಬರ ಒಪ್ಪಂದದಲ್ಲಿ ಇದಕ್ಕೆ ಆಟೀನು ಐದು, ಕಳಾವರ ಐದು, ಅಂಕ ಏಳರಿಂದ ಹತ್ತು. ಅವರು ಮರೆತವ್ರೆ."

ವಕೀಲರು ಎಲೆಯನ್ನು ಹಾಗೆಯೇ ಹಿಡಿದು ನನ್ನನ್ನು ನೋಡಿದರು. "ಹೌದಾ ಮೇಷ್ಟ್ರೇ? ಇತ್ತಾ ಒಪ್ಪಂದ?"

"ಇಲ್ಲ" ಎಂದೆ. "ನನಗೆ ಯಾರೂ ಹೇಳಿಲ್ಲ."

ಆ ಕ್ಷಣದಲ್ಲಿ ಅದು ಸುಳ್ಳು ಎಂದು ನನಗೆ ಅನ್ನಿಸಲಿಲ್ಲ. ಇಷ್ಟನ್ನು ನನ್ನ ಪರವಾಗಿ ಹೇಳಿಕೊಳ್ಳಬಹುದು. ಆದರೆ ನನ್ನ ಪರವಾಗಿ ನಾನೇ ಹೇಳುವ ಸಾಕ್ಷಿಗೆ ಎಷ್ಟು ಬೆಲೆ ಎನ್ನುವುದೂ ನನಗೆ ಗೊತ್ತು.

ವಕೀಲರು ಎಲೆ ಹಾಕಿದ ಮೇಲೆ, ಕೂಗು ಗೆದ್ದವನ ಜೊತೆಗಾರ ಇಡಬೇಕಾದ ಹಾಗೆ, ಯಜಮಾನ್ರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಡಿಸಿ ಇಟ್ಟರು. ಐದು ಆಟೀನು, ಐದು ಕಳಾವರ, ಒಂಬತ್ತು ಅಂಕ. ಅವರು ಹೇಳಿದ ಹಾಗೆಯೇ ಇತ್ತು. ನಾನು ಆಡಿದೆ. ಹತ್ತು ಪಟ್ಟು ಬೇಕಿತ್ತು, ಹತ್ತೂ ಬಂದವು.

ಆಟ ಮುಗಿದ ಮೇಲೆ ವಕೀಲರು ನನ್ನ ಎಲೆಗಳನ್ನು ತಮ್ಮ ಕಡೆ ಎಳೆದುಕೊಂಡು, ಬೆರಳಿನಿಂದ ಒಂದೊಂದನ್ನೇ ಸರಿಸಿ ಎಣಿಸಿದರು.

"ಹನ್ನೊಂದು ಅಂಕ. ಎದುರಿಗಿರೋರು ಬಹಳ ಬಲ ಅಂತ ನೀವೇ ಡಾಕ್ಟರಿಗೆ ಹೇಳಿದ್ರಿ. ಮತ್ತೆ ನಾಲ್ಕಕ್ಕೆ ಯಾಕೆ ನಿಂತ್ರಿ ಮೇಷ್ಟ್ರೇ? ಒಪ್ಪಂದ ಇರಲಿಲ್ಲ ಅಂತೀರಿ. ಅವರ ಕೈ ಬಡವಾಗಿದೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

ಡಾಕ್ಟರು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ನಕ್ಕರು. "ಕನಸು ಬಿದ್ದಿರ್ತದೆ ಬುಡಿ. ವಿಜ್ಞಾನದೋರಿಗೆ ಹಗಲೊತ್ತು ಬೀಳ್ತದಂತೆ. ನನ್ನ ಕೈಲಿ ಇಸ್ಪೀಟು ಕಾಯ್ತಾ ಕೂತಿತ್ತು, ಇವರ ಮಾತು ನಂಬಿ ಪಾಸ್ ಅಂದ್ಬಿಟ್ನಲ್ಲಪ್ಪ!"

ನಿಂತಿದ್ದವರೂ ನಕ್ಕರು. ಕಾರಣವಿಲ್ಲದೆ ಏನನ್ನೂ ಮಾಡುವವನಲ್ಲ ನಾನು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದವನು ನಾನು. ಜಾತಕ ನೋಡುವವರನ್ನು, ಶಕುನ ಕೇಳುವವರನ್ನು ಅದೇ ಮೇಜಿನಲ್ಲಿ ಕೂತು ಗೇಲಿ ಮಾಡಿದ್ದೆ. ಈಗ ಎಲ್ಲರೂ ನನ್ನ ಕಾರಣ ಕೇಳುತ್ತಿದ್ದರು. ನನ್ನ ಹತ್ತಿರ ಕಾರಣ ಇರಲಿಲ್ಲ. ಹಾಗಾಗಿ ಒಂದನ್ನು ಮಾಡಿಕೊಂಡೆ.

"ಅವರು ಕೂಗಿದ ರೀತಿ... ಸ್ವಲ್ಪ ತಡೆದ ಹಾಗಿತ್ತು. ದನಿ ಸಣ್ಣದಾಗಿತ್ತು. ಅದರಿಂದ ಅನ್ನಿಸಿತು."

ಹೇಳಿ ಮುಗಿಸುವಷ್ಟರಲ್ಲಿ ಅದು ಏನಾಯಿತು ಎಂದು ಗೊತ್ತಾಯಿತು. ದನಿಯಲ್ಲಿ ಸನ್ನೆ ಮಾಡಿದರು ಎಂದು ನಾನು, ಅವರ ಜೊತೆಗಾರ, ಹತ್ತು ಜನರ ಮುಂದೆ ಹೇಳಿದ್ದೆ. ಡಾಕ್ಟರ ನಗು ನಿಂತಿತು. ವಕೀಲರು "ಓಹೋ" ಎಂದರು, ಅಷ್ಟೆ.

ಯಜಮಾನ್ರು ಹರಡಿದ್ದ ತಮ್ಮ ಎಲೆಗಳನ್ನು ಒಂದೊಂದಾಗಿ ಒಟ್ಟುಮಾಡಿದರು. ಅಂಚು ಸಮನಾಗುವವರೆಗೆ ಮೇಜಿಗೆ ತಟ್ಟಿ ಕೆಳಗಿಟ್ಟರು. ಆಮೇಲೆ ನನ್ನನ್ನು ನೋಡಿದರು.

"ಮೇಷ್ಟ್ರೇ, ನನ್ನ ದನಿ ಸಣ್ಣದಾಗಿತ್ತಾ?"

ನಾನು ಅಂಕದ ಹಾಳೆ ಎತ್ತಿಕೊಂಡು ಕೂಡಿಸತೊಡಗಿದೆ. ಅವರು ಎದ್ದು ಹೊರಗೆ ಹೋದರು. ಸೈಕಲ್ಲಿನ ಸ್ಟ್ಯಾಂಡು ತೆಗೆದ ಸದ್ದು ಕೇಳಿತು. ಮತ್ತೆ ಅವರು ಕ್ಲಬ್ಬಿಗೆ ಬರಲಿಲ್ಲ.

ನಾನು ಬರೆದ ಅಂಕದ ಹಾಳೆಯ ಮೇಲೆ ವಕೀಲರು ಅಡ್ಡಗೆರೆ ಎಳೆದು ಆ ಆಟವನ್ನು ರದ್ದು ಮಾಡಿದರು. ಹಾಸನಕ್ಕೆ ಹೋದದ್ದು ಅವರ ಜೋಡಿ.

ಎರಡು ತಿಂಗಳ ಮೇಲೆ, ಯುಗಾದಿಗೆ ಇನ್ನೂ ಹತ್ತು ಹದಿನೈದು ದಿನ ಇರುವಾಗ, ಯಜಮಾನ್ರು ತೀರಿಕೊಂಡರು. ತೋಟದಲ್ಲಿ ನೀರು ತಿರುಗಿಸುತ್ತಿದ್ದವರು ಬದುವಿನ ಮೇಲೆ ಕೂತರಂತೆ, ಏಳಲಿಲ್ಲವಂತೆ. ಹೃದಯ ಎಂದರು. ಅದಕ್ಕೂ ಸಂಕ್ರಾಂತಿಗೂ ಸಂಬಂಧ ಕಟ್ಟುವಷ್ಟು ದಡ್ಡ ನಾನಲ್ಲ. ಮಣ್ಣಿಗೆ ಹೋಗಲು ಹೊರಟು ಬಸ್‌ಸ್ಟ್ಯಾಂಡಿನವರೆಗೆ ನಡೆದು, ಬಿಳಿಗೆರೆ ಕಡೆಯ ಬಸ್ಸು ಬಂದು ನಿಂತು ಹೋಗುವುದನ್ನು ನೋಡಿಕೊಂಡು ವಾಪಸಾದೆ.

ಅಲ್ಲಿಂದ ಅಟ್ಟದ ಸದ್ದು ಬದಲಾಯಿತು. ಸದ್ದು ಅದೇ, ಕೇಳುವವನು ಬದಲಾದ ಎನ್ನುವುದು ವೈಜ್ಞಾನಿಕ. ಕಾಲೇಜಿನಿಂದ ಬಂದು ಮಧ್ಯಾಹ್ನ ಮಲಗಿದರೆ ಮೇಲೆ ಟಕ್ ಎನ್ನುವುದು. ನಾನು ಕಾಯುವೆ. ಟಕ್, ಇನ್ನೊಂದು. ಎರಡು. ಮೂರನೆಯದು ಬೀಳಲಿ ಎಂದು ಉಸಿರು ಹಿಡಿದು ಕಾಯುತ್ತಿದ್ದೆ. ಮೂರನೆಯದು ಬಿದ್ದರೆ ಅದು ಬರಿಯ ಕಾಯಿ. ಬೀಳದಿದ್ದರೆ ಎರಡು ಇಸ್ಪೀಟು. ಇಲಿ ಇರಬಹುದು, ಹಲಗೆ ಹಿಗ್ಗುತ್ತಿರಬಹುದು ಎಂದು ಪುಸ್ತಕದಲ್ಲಿ ವೇಳೆ ಗುರುತು ಹಾಕಿದೆ. ಎರಡಾದ ಮೇಲೆ ನಿಂತ ದಿನಗಳೇನೂ ಹೆಚ್ಚಿರಲಿಲ್ಲ. ಅದು ಗೊತ್ತಾದ ಮೇಲೂ ಎಣಿಸುವುದು ನಿಲ್ಲಲಿಲ್ಲ.

ದನಿಯದ್ದು ಇನ್ನೂ ಕೆಟ್ಟದು. ಅವರು ನಿಜವಾಗಿ ತಡೆದಿದ್ದರೆ? ದನಿ ನಿಜವಾಗಿ ಇಳಿದಿದ್ದರೆ? ಹಾಗಿದ್ದರೆ ನಾನು ಹೇಳಿದ್ದು ಸತ್ಯ. ಆ ಮೂರು ಸೆಕೆಂಡನ್ನು ಮತ್ತೆ ಮತ್ತೆ ತಲೆಯಲ್ಲಿ ಓಡಿಸಿದೆ. ಬಾಗಿಲು ಹಾಕಿಕೊಂಡು ಎರಡು ಇಸ್ಪೀಟು ಎಂದು ಜೋರಾಗಿ, ಮೆಲ್ಲಗೆ, ತಡೆದು, ತಡೆಯದೆ ಹೇಳಿ ನೋಡಿದೆ. ಹೀಗಿತ್ತೇ? ಹೀಗೆ? ಕೆಲವು ತಿಂಗಳಲ್ಲಿ ಮೂಲ ಅಳಿಸಿಹೋಯಿತು. ಈಗ ನನ್ನ ಕಿವಿಯಲ್ಲಿ ಉಳಿದಿರುವುದು ಅವರ ದನಿಯಲ್ಲ, ನಾನು ಅಣಕಿಸಿದ ದನಿ. ತರಗತಿಯಲ್ಲಿ ಹಾಜರಿ ಕೂಗುತ್ತಾ ನನ್ನ ದನಿ ತಾನಾಗಿ ಕಾಯಿ ಎಣಿಸುವವರ ದನಿಯಾಗುತ್ತಿತ್ತು. ಹುಡುಗರು ಮುಸಿಮುಸಿ ನಗುತ್ತಿದ್ದರು.

ಅದೇ ದಿನಗಳಲ್ಲಿ ಅಟ್ಟದ ಚಿತ್ರ ಬಂತು. ಬಂತು ಎನ್ನುತ್ತೇನೆ, ಯಾಕೆಂದರೆ ಅದು ನೆನಪಾಗಿ ಬರಲಿಲ್ಲ, ಯಾರೋ ತಂದಿಟ್ಟ ಹಾಗೆ ಬಂತು. ಖಾಲಿ ಅಟ್ಟ, ಹೊಸ ಸುಣ್ಣದ ವಾಸನೆ, ಯಜಮಾನ್ರ ಕೈಯಲ್ಲಿ ಇದ್ದಿಲು. ಅವರ ಊರಿನ ಮನೆಗೆ ನಾನು ಮೂರು ನಾಲ್ಕು ಸಲ ಹೋಗಿದ್ದೆ. ಯಾವ ಸಲ ಇದು? ಪಂದ್ಯ ಮುಗಿದು ಒಂದೆರಡು ವಾರಕ್ಕೆ, ತಪ್ಪು ಒಪ್ಪಿಕೊಳ್ಳಲು ಎಂದುಕೊಂಡು ಒಮ್ಮೆ ಹೋಗಿದ್ದೆ. ಕಾಫಿ ಕೊಟ್ಟರು. ಆಟದ ಮಾತು ಬಂತೋ ಇಲ್ಲವೋ ನೆನಪಿಲ್ಲ. ಆವತ್ತೇ ಅವರು ನನ್ನನ್ನು ಅಟ್ಟಕ್ಕೆ ಹತ್ತಿಸಿ ಬರೆದು ತೋರಿಸಿರಬೇಕು, ನೋಡಿ ಹೀಗಿತ್ತು ಒಪ್ಪಂದ ಎಂದು ಹೊಂದಿಸಿರಬೇಕು ಎಂದು ತೀರ್ಮಾನಿಸಿದೆ. ಆ ತೀರ್ಮಾನದಲ್ಲಿ ಒಂದು ತರದ ನಿದ್ದೆ ಬರುತ್ತಿತ್ತು.

ಮೂರೂವರೆ ವರ್ಷದ ಮೇಲೆ, ಕಾಲೇಜಿನಲ್ಲಿ ಪ್ರವೇಶ ನಡೆಯುವ ದಿನಗಳಲ್ಲಿ, ಹೆಂಗಸೊಬ್ಬರು ತಮ್ಮ ನಾದಿನಿಯ ಮಗಳನ್ನು ಪಿಯುಸಿಗೆ ಸೇರಿಸಲು ಬಂದರು. ಅರ್ಜಿ ನನ್ನ ಮೇಜಿಗೆ ಬಂತು. ಪೋಷಕರ ವಿಳಾಸದ ಊರು ನೋಡಿ ತಲೆ ಎತ್ತಿದೆ. ಯಜಮಾನ್ರ ಮಗಳು. ನನ್ನದೇ ವಯಸ್ಸು. ತೌರಿನ ತೋಟವನ್ನು ಈಗ ಅವರೇ ನೋಡಿಕೊಳ್ಳುತ್ತಿದ್ದರು.

"ನಿಮ್ಮನ್ನೇ ನೋಡಬೇಕಿತ್ತು ಕಣ್ರೀ" ಎಂದರು. ಹುಡುಗಿಯನ್ನು ಹೊರಗೆ ಕಳಿಸಿದರು. "ನಮ್ಮ ಕಡೇರು ಮಂಡಿಗೆ ಬಂದ್ರೆ ಈಗಲೂ ಒಬ್ಬಿಬ್ಬರು ಅಂತಾರೆ, ಸನ್ನೆ ಯಜಮಾನ್ರ ಮನೆಯೋರು ಅಂತ. ನಗ್ತಾ ಅಂತಾರೆ. ನಾನೂ ನಗ್ತೀನಿ. ನೀವು ಹೇಳಿ, ನಮ್ಮಪ್ಪ ಆಟದಲ್ಲಿ ಸನ್ನೆ ಮಾಡಿದ್ರಾ?"

"ಅದು... ಬಹಳ ಹಿಂದಿನ ಮಾತು. ನನಗೆ ಖಚಿತವಾಗಿ ನೆನಪಿಲ್ಲ."

"ನೆನಪಿಲ್ದಿದ್ರೆ ಬುಡಿ. ಗೋಡೆಗೆ ನೆನಪಿರ್ತದೆ. ನಮ್ಮ ಅಟ್ಟದಲ್ಲಿ ಅಪ್ಪ ಏನೋ ಎಲೆ ಆಟದ್ದು ಬರೆದವ್ರೆ. ನನಗೆ ತಲೆಬುಡ ಗೊತ್ತಾಗಲ್ಲ. ಬಂದು ಓದಿ ಹೇಳಿ."

ನಾನು ಕುರ್ಚಿಯಿಂದ ಎದ್ದೆ. "ಈಗಲೇ ಬರಲಾ?"

"ಈಗ ಬಂದು ಏನ್ ಮಾಡ್ತೀರ? ಹೋದ ವಾರ ಕಾಯಿ ಏರಿಸಿದ್ವಿ. ಅದು ಬರೆದಿರೋದು ತಳದಲ್ಲಿ, ಹಲಗೆಯಿಂದ ಒಂದು ಮೊಳ ಎತ್ತರಕ್ಕೆ. ಆಳುದ್ದ ರಾಶಿ ಮುಂದೈತೆ."

"ಸ್ವಲ್ಪ ಸರಿಸಿದರೆ?"

ಅವರು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. "ಒಂದು ತೆಗೆದ್ರೆ ರಾಶಿ ಪೂರಾ ಕುಸೀತದೆ. ಕೂತ ಕಾಯಿ ಅಲ್ಲಾಡಿಸಬಾರದು ಮೇಷ್ಟ್ರೇ. ವೈಶಾಖದಲ್ಲಿ ಇಳಿಸ್ತೀವಿ. ಎಂಟು ದಿನ ಖಾಲಿ ಇರ್ತದೆ, ಆಗ ಬನ್ನಿ."

ಅವರು ಹೋದ ಮೇಲೆ ನಾನು ಅಲ್ಲೇ ಕೂತಿದ್ದೆ. ಆಳುದ್ದ ರಾಶಿ. ಜ್ಯೇಷ್ಠದಲ್ಲಿ ಏರಿದರೆ ಮುಂದಿನ ವೈಶಾಖಕ್ಕೆ ಇಳಿಯುವುದು. ಸಂಕ್ರಾಂತಿಯ ಹೊತ್ತಿಗೆ ಆ ಅಟ್ಟ ಪ್ರತಿ ವರ್ಷವೂ ತುಂಬಿರುತ್ತದೆ. ಪಂದ್ಯ ಮುಗಿದ ಮೇಲೆ ನಾನು ಕಾಫಿ ಕುಡಿದು ಬಂದ ದಿನ ಅಲ್ಲಿ ಕೂರಲು ಜಾಗವೇ ಇರಲು ಸಾಧ್ಯವಿಲ್ಲ. ಇಷ್ಟು ವರ್ಷ ಕಾಯಿ ಅಟ್ಟದ ಕೆಳಗೆ ಬಾಳಿದವನಿಗೆ ಇದು ಹೊಳೆದಿರಲಿಲ್ಲ. ಅಥವಾ ಹೊಳೆಯಲು ನಾನು ಬಿಟ್ಟಿರಲಿಲ್ಲ.

ಆದರೂ ಆಸೆ ಬಿಡಲಿಲ್ಲ. ಆ ವರ್ಷ ತಡವಾಗಿ ಏರಿಸಿರಬಹುದು. ಬರೆದದ್ದು ಬೇರೆ ಏನೋ ಇರಬಹುದು. ಹನ್ನೊಂದು ತಿಂಗಳು ನಾನು ಕಾದೆ. ನನ್ನ ತಲೆಯ ಮೇಲೆ ಮನೆಯವರ ಕಾಯಿ ಒಣಗಿತು, ಹತ್ತು ಮೈಲಿ ಆಚೆ ಆ ಕಾಯಿಯೂ ಒಣಗುತ್ತಿತ್ತು. ಗೋಡೆಯ ಮೇಲಿನ ಬರಹದ ಮೇಲೆ ಒಂದೊಂದೇ ಕಾಯಿ ಜಾರುವುದು ನನಗೆ ಕಾಣುತ್ತಿತ್ತು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗಲೂ ಕಾಣುತ್ತಿತ್ತು.

ವೈಶಾಖದಲ್ಲಿ ಹೋದೆ. ಬೆಳಗಿನ ಹತ್ತು ಗಂಟೆ. ಅಂಗಳದಲ್ಲಿ ಇಳಿಸಿದ ಕಾಯಿ ಸುಲಿಯುತ್ತಿದ್ದರು. ಮಗಳು ಏಣಿ ಹಿಡಿದುಕೊಂಡು, "ಹುಷಾರು, ಕಾಲೇಜಿನ ಕಾಲು" ಎಂದರು. ಹತ್ತಿದೆ. ಅವರೂ ಹತ್ತಿ ಬಂದರು. ಹಲಗೆಯ ಸಂದಿನಿಂದ ಕೆಳಗಿನ ಒಲೆಯ ಹೊಗೆ ಎಳೆಯಾಗಿ ಬರುತ್ತಿತ್ತು. ಕೂತರೆ ಬರಹ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಕೂತು ಬರೆದದ್ದು.

ಮೇಲೆ, ನಿಂತವರ ಎದೆಯ ಎತ್ತರಕ್ಕೆ, ಕಾಯಿ ಏರಿಸಿದ ಸಂವತ್ಸರ, ಮಾಸದ ಗುರುತುಗಳು. ಮೊದಲನೆಯದು ಯಜಮಾನ್ರ ಕೈಬರಹ: ಕಾಳಯುಕ್ತಿ, ಜ್ಯೇಷ್ಠ. ಅದರ ಕೆಳಗೆ ಮಗಳ ಕೈಯಲ್ಲಿ ಸಿದ್ಧಾರ್ಥಿ, ರೌದ್ರಿ, ದುರ್ಮತಿ, ದುಂದುಭಿ. ಎಲ್ಲವೂ ಜ್ಯೇಷ್ಠ.

"ಕಾಳಯುಕ್ತಿ ವರ್ಷ ಅಪ್ಪ ಸುಣ್ಣ ಹೊಡಿಸಿ ಕಾಯಿ ಏರಿಸಿದ್ರು. ಅದನ್ನ ಇಳಿಸೋ ಹೊತ್ತಿಗೆ ಅವರಿರಲಿಲ್ಲ. ಇಳಿಸಿದ ಮ್ಯಾಲೇ ನಾನು ಇದನ್ನ ಕಂಡಿದ್ದು. ಆಮ್ಯಾಕೆ ಸುಣ್ಣ ಹೊಡಿಸಿಲ್ಲ."

ನಾನು ಬಗ್ಗಿ ನೋಡಿದೆ. ಯಜಮಾನ್ರ ದುಂಡನೆಯ ಅಕ್ಷರ: ಅವರು ಒಂದು ಇಸ್ಪೀಟು ಅಂದರೆ, ನಾನು ಎರಡು ಇಸ್ಪೀಟು. ಅದರ ಕೆಳಗೆ: ಆಟೀನು ೫, ಕಳಾವರ ೫. ಕೇಳಿದರೆ ಹೇಳಬೇಕು. ಈ ಕೊನೆಯ ಮಾತಿಗೆ ಎರಡು ಗೆರೆ ಎಳೆದಿದ್ದರು. ಅದರ ಕೆಳಗೆ ಇನ್ನೊಂದು ಸಾಲು. ಅದು ಇಂಗ್ಲಿಷ್ ಅಂಕಿ. 7 ರಿಂದ 10.

ಮಗಳು ಬೆರಳಿಟ್ಟು ತೋರಿಸಿದರು. "ಇದೊಂದು ಅಪ್ಪನ ಕೈ ಅಲ್ಲ. ಅವರು ಕನ್ನಡ ಅಂಕಿ ಬಿಟ್ಟು ಬರೆದೋರಲ್ಲ. ಯಾರದಿದು?"

ಏಳರ ನಡುವಿಗೆ ಅಡ್ಡಗೆರೆ ಇತ್ತು. ಉಡದಾರ.

"ನನ್ನದು" ಎಂದೆ.

ಇದ್ದಿಲು ನನ್ನ ಕೈಯಲ್ಲಿ ಇದ್ದ ನೆನಪು ನನಗೆ ಈಗಲೂ ಇಲ್ಲ. ಬೆರಳು ಕಪ್ಪಾದದ್ದು, ತೊಳೆದದ್ದು, ಅವರು ಏಳನ್ನು ನೋಡಿ ನಕ್ಕಿರಬಹುದಾದದ್ದು, ಯಾವುದೂ ಇಲ್ಲ. ಅವರು ಬರೆಯುತ್ತಿದ್ದ ಚಿತ್ರವನ್ನು ಇಟ್ಟುಕೊಂಡು, ನಾನು ಬರೆದ ಚಿತ್ರವನ್ನು ನನ್ನ ತಲೆ ಎಸೆದುಬಿಟ್ಟಿತ್ತು.

ಮಗಳು ಗೋಡೆಯಿಂದ ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡರು. ಆಮೇಲೆ ಎಂದರು, "ಸರಿ. ಎಲ್ಲಿ ಹೇಳಿದ್ರೋ ಅಲ್ಲೇ ಹೋಗಿ ಹೇಳಿ. ನನ್ನ ಮುಂದೆ ಹೇಳಿದ್ರೆ ಏನು ಬಂತು?"

ಆ ಭಾನುವಾರ ಕ್ಲಬ್ಬಿಗೆ ಹೋದೆ. ನಾಲ್ಕು ವರ್ಷದಿಂದ ಹೋಗಿರಲಿಲ್ಲ. ವಕೀಲರೂ ಡಾಕ್ಟರೂ ಮೇಜಿನಲ್ಲಿದ್ದರು. ನಿಂತುಕೊಂಡೇ ಹೇಳಿದೆ. ಒಪ್ಪಂದ ಇತ್ತು, ನಾನು ಮರೆತಿದ್ದೆ, ಯಜಮಾನ್ರು ತಿದ್ದಿದ್ದು ಸರಿ.

ವಕೀಲರು ಎಲೆ ಕಲಸುವುದನ್ನು ನಿಲ್ಲಿಸಲಿಲ್ಲ. "ನಾಲ್ಕು ವರ್ಷದ ಹಿಂದಿನ ಕೂಗಿಗೆ ಈಗ ಅರ್ಥ ಹೇಳೋಕೆ ಬಂದ್ರಾ ಮೇಷ್ಟ್ರೇ?"

"ಮತ್ತೆ ಆವತ್ತು ದನಿ ಸಣ್ಣದಾಗಿತ್ತು ಅಂದ್ರಲ್ಲ?" ಎಂದರು ಡಾಕ್ಟರು. ಈ ಸಲ ಅವರು ನಗಲಿಲ್ಲ.

"ಅದು ನಾನು ಕಟ್ಟಿದ ಮಾತು" ಎಂದೆ. "ಅವರ ದನಿ ಹೇಗಿತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಹೇಳಿದೆ."

ವಕೀಲರು ಎಲೆ ಹಂಚಲು ಶುರುಮಾಡಿದರು. ಡಾಕ್ಟರು ಮಾತ್ರ ತಮ್ಮ ಎಲೆಗಳನ್ನು ಎತ್ತಿಕೊಳ್ಳದೆ, ಮೇಜಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಅಷ್ಟಾದರೂ ನನ್ನೊಳಗಿನವನು ಇನ್ನೊಂದು ಕಿಂಡಿ ಹುಡುಕಿದ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಬದುಕುವವನು ನಾನು, ಸಂವತ್ಸರದ ಹೆಸರು ನನಗೆ ಯಾವತ್ತೂ ಬೇಕಾಗಿರಲಿಲ್ಲ. ಕಾಳಯುಕ್ತಿ ಯಾವ ವರ್ಷ? ಮಗಳ ಲೆಕ್ಕವೇ ಒಂದು ವರ್ಷ ತಪ್ಪಿದ್ದರೆ? ಬಾಡಿಗೆ ಮನೆಯವರು ಹಳೆಯ ಪಂಚಾಂಗಗಳನ್ನು ದೇವರಕೋಣೆಯ ಗೂಡಿನಲ್ಲಿ ಕಟ್ಟಿಟ್ಟಿದ್ದರು. ಕೇಳಿ ಇಳಿಸಿಕೊಂಡು ಧೂಳು ಒರೆಸಿ ಪುಟ ತಿರುವಿದೆ. ನಾವು ಆಡಿದ ಸಂಕ್ರಾಂತಿ ಕಾಳಯುಕ್ತಿ ಸಂವತ್ಸರದ ಪುಷ್ಯ ಮಾಸದಲ್ಲಿ ಬಂದಿತ್ತು. ಕಾಯಿ ಏರಿದ ಜ್ಯೇಷ್ಠ ಅದಕ್ಕಿಂತ ಏಳು ತಿಂಗಳು ಮೊದಲು; ಗೋಡೆಯ ಬರಹ ಅದಕ್ಕೂ ಮೊದಲಿನದು.